ಶೈಕ್ಷಣಿಕ ಪ್ರವಾಸ ಮತ್ತು ನಮ್ಮ ಮಕ್ಕಳ ಮುಂದಿನ ದಾರಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಅದರಲ್ಲಿ ನಮ್ಮ ಒಂಬತ್ತನೆಯ ತರಗತಿಯವರ ಬೆಂಗಳೂರು ಪ್ರವಾಸದ ಬಗ್ಗೆ ಮಾತ್ರ ಹೇಳುತ್ತೇನೆ.

ಹಗರಿಬೊಮ್ಮನಹಳ್ಳಿ ಕಡೆ ಪ್ರವಾಸವೆಂದರೆ ಹಂಪಿ, ಟಿ.ಬಿ. ಡ್ಯಾಂ, ದೂರವೆಂದರೆ ಜೋಗ. ಅವೂ ಬೇಕು. ಆದರೆ ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಮಕ್ಕಳು ತಾವು ಕಂಡ ಕೆಲಸಗಳನ್ನೇ ಹೇಳುತ್ತಾರೆ: ಟೀಚರು, ಪೊಲೀಸು, ಕಂಡಕ್ಟರು. ಕಾಣದ್ದನ್ನು ಹೇಗೆ ಹೇಳಿಯಾರು?

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ, ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಮಾದರಿ ನೋಡಿದೆವು. ಅಲ್ಲಿಂದ ಹಳೆಯ ಏರ್‌ಪೋರ್ಟ್ ರಸ್ತೆಗೆ ಬಂದೆವು. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಲ್ಲಿ ಶುರುವಾದದ್ದು. ಒಳಗೆ ಸುಮ್ಮನೆ ಬಿಡುವ ಜಾಗವಲ್ಲ, ಬಸ್ಸಿನಿಂದಲೇ ತೋರಿಸಿದೆ. ಯುದ್ಧವಿಮಾನ ರಭಸದಿಂದ ತಿರುಗಿದಾಗ ಪೈಲಟನ ರಕ್ತ ಕಾಲಿನತ್ತ ಇಳಿಯುತ್ತದೆ, ಮೆದುಳಿಗೆ ಸಾಲದೆ ಕಣ್ಣು ಕತ್ತಲೆ ಬರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಅದನ್ನು ತಾಳಿಕೊಳ್ಳುವ ಅಭ್ಯಾಸಕ್ಕೆಂದೇ ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಗರಗರ ತಿರುಗಿಸುವ ಯಂತ್ರ ಅಲ್ಲಿದೆ ಎಂದೆ. “ಕೊಟ್ಟೂರು ಜಾತ್ರೆ ತೊಟ್ಟಿಲು ಇದ್ದಂಗೇನ್ರಿ ಸರ್?” ಎಂದ ಒಬ್ಬ. ಹೌದಪ್ಪ, ಆದರೆ ಮೇಲೆ ಕೆಳಗೆ ಅಲ್ಲ, ಅಡ್ಡಡ್ಡ ತಿರುಗುವ ತೊಟ್ಟಿಲು ಎಂದೆ. ಹೊಟ್ಟೆ, ಕಾಲುಗಳನ್ನು ಗಾಳಿಯಿಂದ ಬಿಗಿದು ರಕ್ತ ಇಳಿಯದಂತೆ ತಡೆಯುವ ಉಡುಪೂ ಇದೆ. ರಕ್ತಪರಿಚಲನೆಯ ಪಾಠ ನಾನು ಎಷ್ಟೋ ಸಲ ಮಾಡಿದ್ದೇನೆ. ಅಷ್ಟು ಪ್ರಶ್ನೆಗಳು ಯಾವತ್ತೂ ಬಂದಿರಲಿಲ್ಲ.

1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ನಮ್ಮ ಊಟ ಕಟ್ಟಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ರವೆ ಹಲ್ವವೂ ಹೋಗಿತ್ತು ಎಂದಾಗ ಹಿಂದಿನ ಸೀಟಿನವರೂ ಎದ್ದು ಕೂತರು!

ಅದೇ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ, ಅಲ್ಲೊಂದು ನರ್ಸಿಂಗ್ ಕಾಲೇಜು. ಹುಡುಗಿಯರಿಗೆ ಮಾತ್ರ, ನಾಲ್ಕು ವರ್ಷದ ಬಿ.ಎಸ್ಸಿ. ಊಟ, ವಸತಿ ಅವರದೇ, ತಿಂಗಳಿಗಿಷ್ಟು ಸ್ಟೈಪೆಂಡೂ ಉಂಟು. ಮುಗಿಸಿದವರು ಮಿಲಿಟರಿ ನರ್ಸಿಂಗ್ ಸೇವೆಗೆ ಲೆಫ್ಟಿನೆಂಟ್ ಆಗಿ ಸೇರುತ್ತಾರೆ. ಡಾಕ್ಟರಾಗಬೇಕೆನ್ನುವ ಹುಡುಗ ಹುಡುಗಿಯರಿಗೆ ಪುಣೆಯಲ್ಲಿ 1948ರಿಂದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಇದೆ. ಓದಿದ ಮೇಲೆ ಸೇನೆಯಲ್ಲಿ ಸೇವೆ ಮಾಡಲೇಬೇಕು, ಅದಕ್ಕೆ ಬರೆದುಕೊಡಬೇಕು. ಎರಡಕ್ಕೂ ನೀಟ್ ಅಂಕ ಬೇಕು.

ಊರಿಗೆ ಬಂದ ಮೇಲೆ ಒಬ್ಬ ತಂದೆ ಶಾಲೆಗೇ ಬಂದು ಕೇಳಿದರು: “ನಮ್ಮ ಹುಡುಗಿ ಬಂದೂಕು ಹಿಡೀತೀನಿ ಅಂತಾಳಲ್ರಿ ಸರ?” ಬಂದೂಕಲ್ಲ, ಸಿರಿಂಜು ಎಂದೆ. ನಕ್ಕರು, ಕೂತರು. ಎರಡನೆಯ ಪ್ರಶ್ನೆ ನಗುವಂಥದ್ದಲ್ಲ: “ಸೈನ್ಸ್ ಕೊಡಿಸಬೇಕೇನ್ರಿ?” ಕೊಡಿಸಲೇಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇಲ್ಲದಿದ್ದರೆ ಈ ಎರಡೂ ಬಾಗಿಲು ಮುಚ್ಚಿದಂತೆಯೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಹದಿನೈದು ದಿನಗಳಲ್ಲಿ, ಬಸ್ಸಿನ ಸಮಯ ನೋಡಿ, ನೆಂಟರ ಮಾತು ಕೇಳಿ ಇದು ತೀರ್ಮಾನವಾಗಿಬಿಡುತ್ತದೆ. ಹುಡುಗಿಯ ವಿಷಯದಲ್ಲಂತೂ ಅವಳನ್ನು ಕೇಳುವುದೂ ಇಲ್ಲ.

ಮಹೋತ್ಸವದ ಹಣದಲ್ಲಿ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ಬೇಡ ಎನ್ನುವುದಿಲ್ಲ. ಕಮಾನು ಒಂದಡಿ ಗಿಡ್ಡವಾದರೂ ನಡೆದೀತು. ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಂದು ಬಸ್ಸು ಮಾಡಿಕೊಡಿ. ದುಡ್ಡಿಲ್ಲದೆ ಈ ಸಲ ಊರಲ್ಲೇ ಉಳಿದ ಹನ್ನೊಂದು ಮಕ್ಕಳು ನಿಮ್ಮೆದುರೇ ಕೂತಿದ್ದಾರೆ. ಅವರ ಹೆಸರು ಮೊದಲು ಬರೆಯೋಣ.