ಮನೆಯ ಮೇಜು, ಊರಿನ ಬಡಿಗ

(ಹಾವೇರಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಬ್ಯಾಡಗಿ ಮಾರುಕಟ್ಟೆಗೆ ಹೋದವರು ಈ ದೃಶ್ಯ ನೋಡಿರುತ್ತೀರಿ. ಕೊಳ್ಳುವವರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆದು ಹಿಚುಕುತ್ತಾರೆ. ಹಸಿ ಎಷ್ಟು ಉಳಿದಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಮೆಣಸಿನಕಾಯಿಗೆ ಇಷ್ಟು ಪರೀಕ್ಷೆ ಮಾಡುವ ನಾವು, ಸಾವಿರಾರು ರೂಪಾಯಿ ಕೊಟ್ಟು ಮೇಜು, ಮಂಚ ತರುವಾಗ ಕಟ್ಟಿಗೆ ಒಣಗಿದೆಯೇ ಎಂದು ಕೇಳುವುದಿಲ್ಲ. ಅದು ಕಟ್ಟಿಗೆಯೇ ಹೌದೋ ಅಲ್ಲವೋ ಎಂದೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಕೋಣೆಗೆ ಒಂದು ಮೇಜು ಕೊಂಡೆ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಮೇಲೆ ಸಾಗುವಾನಿ ಬಣ್ಣದ ಹಾಳೆ. ಮೊದಲ ಮಳೆಗಾಲದಲ್ಲೇ ಕಿಟಕಿಯಿಂದ ಸಿಡಿದ ನೀರಿಗೆ ಅದರ ಅಂಚು ಉಬ್ಬಿತು, ಸ್ಕ್ರೂಗಳು ಹಿಡಿತ ಬಿಟ್ಟವು. ರಾಣೆಬೆನ್ನೂರಿನ ಹಿರಿಯ ಬಡಿಗರೊಬ್ಬರ ಬಳಿ ಒಯ್ದೆ. ದುರಸ್ತಿ ಮಾಡಲು ಇದರಲ್ಲಿ ಕಟ್ಟಿಗೆಯೇ ಇಲ್ಲವಲ್ಲ ಎಂದು ಅವರು ನಕ್ಕುಬಿಟ್ಟರು. ಇಂದಿನ ನನ್ನ ಮಾತಿಗೆ ಆ ನಗುವೇ ಕಾರಣ.

ಇಂಥದೇ ಅಸಮಾಧಾನ ಒಂದು ಶತಮಾನದ ಹಿಂದೆ ಇಂಗ್ಲೆಂಡ್, ಅಮೆರಿಕಗಳಲ್ಲೂ ಇತ್ತು. ಕಾರ್ಖಾನೆಗಳು ಅಗ್ಗದ ಪೀಠೋಪಕರಣಗಳ ಮೇಲೆ ಹೂಬಳ್ಳಿಯ ಅಲಂಕಾರ ಅಂಟಿಸಿ ಮಾರುತ್ತಿದ್ದವು. ಇದನ್ನು ವಿರೋಧಿಸಿದವರಲ್ಲಿ ಜಾನ್ ರಸ್ಕಿನ್, ವಿಲಿಯಂ ಮಾರಿಸ್ ಮುಖ್ಯರು. ಅವರಿಂದ ಪ್ರೇರಣೆ ಪಡೆದ ಅಮೆರಿಕದ ಗುಸ್ತಾವ್ ಸ್ಟಿಕ್ಲಿ 1900ರಲ್ಲಿ ಸರಳವಾದ ಓಕ್ ಮರದ ಕುರ್ಚಿ, ಮೇಜುಗಳನ್ನು ಮಾರುಕಟ್ಟೆಗೆ ತಂದ. ನೇರ ಕಾಲು, ನೇರ ಪಟ್ಟಿ. ಜೋಡಣೆಯನ್ನು ಮುಚ್ಚದೆ ಎದ್ದು ಕಾಣುವಂತೆ ಬಿಡುವುದು ಇದರ ಲಕ್ಷಣ. ಜನ ಇದನ್ನು 'ಮಿಷನ್' ಶೈಲಿ ಎಂದು ಕರೆದರು. 1901ರಲ್ಲಿ ಆರಂಭವಾದ 'ದಿ ಕ್ರಾಫ್ಟ್ಸ್‌ಮನ್' ಎಂಬ ಅವನ ಪತ್ರಿಕೆ, ಮನೆಯಲ್ಲೇ ಮಾಡಿಕೊಳ್ಳಲು ಬೇಕಾದ ನಕ್ಷೆಗಳನ್ನೂ ಅಚ್ಚು ಮಾಡುತ್ತಿತ್ತು.

ರಸ್ಕಿನ್ನನ ವಿಚಾರ ನಮ್ಮ ಸೀಮೆಗೂ ಬೇರೆ ದಾರಿಯಿಂದ ತಲುಪಿದೆ. ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಅವನ ಪುಸ್ತಕ ಓದಿದರು. 1908ರಲ್ಲಿ 'ಸರ್ವೋದಯ' ಎಂಬ ಹೆಸರಿನಲ್ಲಿ ಅದರ ಸಾರವನ್ನು ಗುಜರಾತಿಗೆ ತಂದರು. ಕೈಕೆಲಸದ ಗೌರವ ಅವರ ಕಾರ್ಯಕ್ರಮದ ಭಾಗವಾಯಿತು. ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ದಂಡಿಗೆ ನಡೆದದ್ದೂ, ಊರಿಗೆ ಮರಳಿ ಖಾದಿ ಪ್ರಚಾರಕ್ಕೆ ನಿಂತದ್ದೂ ಇದೇ ಹಾದಿಯಲ್ಲಿ.

ಓಕ್ ನಮ್ಮ ಬಯಲುಸೀಮೆಯ ಮರವಲ್ಲ. ಆದರೆ ಜೋಡಣೆಯ ವಿದ್ಯೆ ನಮ್ಮ ಬಡಿಗರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎತ್ತಿನ ಗಾಡಿಯ ಚಕ್ರವನ್ನೇ ನೋಡಿ. ಜಾಲಿ ಮರದ ಗುಂಬಕ್ಕೆ ಅರೆಗಳನ್ನು ಕೂರಿಸಿ, ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿ ತೊಡಿಸಿ ನೀರು ಹಾಕಿದರೆ, ಹಳಿ ಕುಗ್ಗಿ ಚಕ್ರವನ್ನು ಬಿಗಿಯುತ್ತದೆ. ಬಾಗಿಲ ಚೌಕಟ್ಟಿಗೆ ಸಾಗುವಾನಿ ಅಥವಾ ಬೇವು, ರಂಟೆ ಕುಂಟೆಗಳಿಗೆ ಜಾಲಿ ಎಂಬ ವಿವೇಚನೆಯೂ ಅವರಿಗಿತ್ತು.

ಮನೆಗೆ ಒಂದು ಮೇಜು ಮಾಡಿಸಬೇಕೆಂದರೆ, ಅಥವಾ ನೀವೇ ಕೈ ಹಾಕುವುದಾದರೆ, ಮೂರು ಸಂಗತಿ ನೆನಪಿಡಿ.

ಮೊದಲನೆಯದು ಒಣಗುವಿಕೆ. ಸೀಳಿದ ಹಲಗೆಗಳನ್ನು ನೆರಳಿನಲ್ಲಿ, ನಡುವೆ ಪಟ್ಟಿ ಇಟ್ಟು, ಸುತ್ತಲೂ ಗಾಳಿಯಾಡುವಂತೆ ಒಟ್ಟಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಒಣಗಿದ ಮೇಲೂ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಬದಲಾಗದು. ಆದ್ದರಿಂದ ಮೇಜಿನ ಮೇಲುಹಲಗೆಯನ್ನು ಮೊಳೆ ಹೊಡೆದು ಬಿಗಿಯಬಾರದು. ಅಲುಗಾಡಲು ತುಸು ಎಡೆ ಬಿಡಬೇಕು. ಹಾನಗಲ್ಲಿನ ಮಲೆನಾಡಿನ ಅಂಚಿನಿಂದ ತಂದ ಹಲಗೆಗೆ ರಾಣೆಬೆನ್ನೂರಿನ ಬಿಸಿಲಿನಲ್ಲಿ ಇನ್ನಷ್ಟು ಕಾಲ ಕೊಡಬೇಕು.

ಎರಡನೆಯದು ಜೋಡಣೆ. ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಾಲಿನಲ್ಲಿ ಕೊರೆದ ತೂತಿಗೆ ಸೇರಿಸಬೇಕು. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲಿನಷ್ಟಿದ್ದರೆ ಎರಡೂ ಕಡೆ ಬಲ ಉಳಿಯುತ್ತದೆ. ನಾಲಿಗೆ ಆಚೆ ಬದಿಗೆ ಹೊರಬಂದು ಅಲ್ಲಿ ಬೆಣೆ ಕೂತರೆ, ಸಡಿಲವಾದಾಗ ಬೆಣೆಗೆ ಒಂದು ಪೆಟ್ಟು ಕೊಟ್ಟರೆ ಸಾಕು. ಮಿಷನ್ ಮೇಜಿನಲ್ಲಿ ಶೋಭೆಯಂತೆ ಕಾಣುವುದು ಇದೇ ಬೆಣೆ.

ಮೂರನೆಯದು ಬಣ್ಣ. ಸ್ಟಿಕ್ಲಿಯ ಕಾಲದಲ್ಲಿ ಓಕ್ ಮರಕ್ಕೆ ಅಮೋನಿಯದ ಹಬೆ ಕೊಟ್ಟು ಕಪ್ಪುಕಂದು ಬಣ್ಣ ತರಿಸುತ್ತಿದ್ದರು; ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶ ಅದರಿಂದ ಕಪ್ಪಾಗುತ್ತದೆ. ನಮ್ಮಲ್ಲಿ ಜಾಲಿಯ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದದ್ದೂ ಆ ಅಂಶದ ಬಲದಿಂದಲೇ. ಅಮೋನಿಯ ಅಪಾಯಕಾರಿ, ಮನೆಯಲ್ಲಿ ಬೇಡ. ಅಗಸೆ ಎಣ್ಣೆ ಸಾಕು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ.

ಇಷ್ಟೆಲ್ಲ ದುಬಾರಿಯಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮಾರಿಸ್‌ನ ಸಾಮಾನು ಕೊಂಡವರು ಹೆಚ್ಚಾಗಿ ಶ್ರೀಮಂತರು. ಸ್ಟಿಕ್ಲಿಯ ಕಂಪನಿ 1915ರಲ್ಲಿ ದಿವಾಳಿಯಾಯಿತು. ಸಾಗುವಾನಿಯ ದರ ನಮ್ಮ ಸಂಬಳಕ್ಕೆ ಎಟುಕುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಮಾಳಿಗೆ ಮನೆಗಳನ್ನು ಕೆಡವುತ್ತಿದ್ದಾರೆ. ಅವುಗಳ ತೊಲೆ, ಜಂತೆ, ಚೌಕಟ್ಟುಗಳು ಹತ್ತಾರು ವರ್ಷ ಒಣಗಿದ ಕಟ್ಟಿಗೆ. ಹಳೆಯ ಮೊಳೆ ಕೀಳಬೇಕು, ಗೆದ್ದಲು ತಿಂದ ಭಾಗ ಕಡಿದು ತೆಗೆಯಬೇಕು. ಉಳಿದದ್ದು ಮೇಜಿಗೆ ಸಾಕು. ಅದನ್ನು ನಾವು ಒಲೆಗೆ ಹಾಕುತ್ತಿದ್ದೇವೆ.

ಇನ್ನು ಬಡಿಗರ ಮಾತು. ಹಿಂದೆ ಆಯದ ಪದ್ಧತಿಯಲ್ಲಿ ರೈತರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಬಡಿಗರು ವರ್ಷವಿಡೀ ಅವರ ಕೂರಿಗೆ, ಕುಂಟೆ ನೋಡಿಕೊಳ್ಳುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡೂ ಇತ್ತು. ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಹೋಯಿತು. ಉಳಿ ಹಿಡಿದ ಕೈಗಳಿಗೆ ಈಗ ಕಾಂಕ್ರೀಟಿಗೆ ಹಲಗೆ ಕಟ್ಟುವ, ಪ್ಲೈವುಡ್ಡಿಗೆ ಹಾಳೆ ಅಂಟಿಸುವ ಕೆಲಸ ಸಿಗುತ್ತಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವುಂಟು. ಒಳ್ಳೆಯದೇ. ಆದರೆ ಹೊಸ ಉಳಿ ಕೊಟ್ಟು ಕೆಲಸ ಕೊಡದಿದ್ದರೆ ಅದು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ. ಕೆಲಸ ಕೊಡಬೇಕಾದವರು ನಾವು.

ಆ ರಾಣೆಬೆನ್ನೂರಿನ ಬಡಿಗರು ಹಳೆಯ ಬೇವಿನ ತೊಲೆಯೊಂದರಿಂದ ನನಗೆ ಮೇಜು ಮಾಡಿಕೊಟ್ಟರು. ತಮ್ಮ ಮಗ ಈ ಕೆಲಸಕ್ಕೆ ಬರುವುದಿಲ್ಲವೆಂದು ಕೆಲಸದ ನಡುವೆ ಎರಡು ಸಲ ಹೇಳಿದರು. ಕಳೆದ ಬೇಸಿಗೆಯಲ್ಲಿ ಮೇಜಿನ ಒಂದು ಬೆಣೆ ಸಡಿಲವಾಯಿತು. ಅವರು ಹೇಳಿಕೊಟ್ಟಂತೆ ಕೊಡತಿಯಿಂದ ನಾನೇ ಒಂದು ಪೆಟ್ಟು ಕೊಟ್ಟೆ. ಈ ಭಾಷಣ ಬರೆದದ್ದು ಅದೇ ಮೇಜಿನ ಮೇಲೆ.