ದೂರವೈದ್ಯವೂ ಶಿಶುಹೃದಯವೂ



ಹುಟ್ಟುವ ಸಾವಿರ ಶಿಶುಗಳಲ್ಲಿ ಎಂಟು ಹತ್ತು ಶಿಶುಗಳಿಗೆ ಹೃದಯದ ರಚನೆಯಲ್ಲಿಯೇ ದೋಷವಿರುವುದುಂಟು. ಹಾಲು ಕುಡಿಯುವಾಗ ಬೆವರುವುದು, ಏದುಸಿರು ಬಿಡುವುದು, ತುಟಿ ಉಗುರುಗಳು ನೀಲಿಗಟ್ಟುವುದು ಇದರ ಲಕ್ಷಣಗಳು. ದೃಷ್ಟಿ ತಾಕಿತೆಂದು ಬಗೆದು ದಿನ ಕಳೆದರೆ ಕೂಸು ಕೈತಪ್ಪಿ ಹೋದೀತು. ಆದರೆ ಶಿಶುಹೃದಯವನ್ನು ಬಲ್ಲ ವೈದ್ಯರು ಬಹುಮಟ್ಟಿಗೆ ದೊಡ್ಡ ಪಟ್ಟಣಗಳಲ್ಲಿರುವರು. ಕೂಸು ಹುಟ್ಟುವುದಾದರೋ ಎಲ್ಲ ಊರುಗಳಲ್ಲಿ.

ಈ ಅಂತರವನ್ನು ಕಿರಿದುಮಾಡುವುದೇ ದೂರವೈದ್ಯ. 2002ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲ್ಪಟ್ಟವು. ಇಂತಹ ಏರ್ಪಾಡಿನಲ್ಲಿ ಊರ ಸಮೀಪದ ವೈದ್ಯರು ಮಗುವಿನ ಎದೆಯ ಮೇಲೆ ಎಕೋ ಯಂತ್ರದ ಹಿಡಿಯನ್ನಿಟ್ಟರೆ, ಮಿಡಿಯುವ ಹೃದಯದ ಚಿತ್ರವನ್ನು ದೂರದ ತಜ್ಞರು ಕಂಡು ನಿರ್ಣಯ ಹೇಳಬಲ್ಲರು. ತಾನೇ ಮುಚ್ಚಿಕೊಳ್ಳಬಹುದಾದ ಸಣ್ಣ ರಂಧ್ರವಾದರೆ, ಬಡವರು ಸಾಲಮಾಡಿ ಪಯಣಿಸುವುದು ತಪ್ಪುವುದು. ಮತ್ತೆ ಕೆಲವು ದೋಷಗಳಲ್ಲಿ, ಗರ್ಭದಲ್ಲಿದ್ದಾಗ ತೆರೆದಿದ್ದ ಒಂದು ರಕ್ತನಾಳವು ಹುಟ್ಟಿದ ಮೇಲೆ ಮುಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ. ಆಗ ಪ್ರೋಸ್ಟಾಗ್ಲಾಂಡಿನ್ ಔಷಧಿಯಿಂದ ಅದನ್ನು ತೆರೆದಿರಿಸಿ ಕೂಸನ್ನು ಸಾಗಿಸುವಂತೆ ತಜ್ಞರು ಅಲ್ಲಿಂದಲೇ ತಿಳಿಸಬಲ್ಲರು.

ಹಾಗಿದ್ದರೂ ಚಿತ್ರವು ಸಾಗಿದ ಮಾತ್ರಕ್ಕೆ ಶಸ್ತ್ರಕ್ರಿಯೆಯು ನಡೆದಂತಾಗದು. ಅದಕ್ಕೆ ಮಗುವು ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಯಂತ್ರ ಹಿಡಿದ ಕೈಗೆ ಶಿಕ್ಷಣವಿಲ್ಲದಿದ್ದರೆ ದೂರದ ಕಣ್ಣಿಗೆ ಏನೂ ಕಾಣದು. ಇವೆಲ್ಲಕ್ಕೂ ಮೊದಲು, ನೀಲಿಗಟ್ಟಿದ ತುಟಿಯನ್ನು ಕಾಣುವವಳು ತಾಯಿ. ಆಕೆಯ ಮಾತನ್ನು ಮನೆಯ ಹಿರಿಯರು ಅಲ್ಲಗಳೆಯದೆ, ಆ ದಿನವೇ ಮಗುವನ್ನೆತ್ತಿಕೊಂಡು ಹತ್ತಿರದ ವೈದ್ಯರಲ್ಲಿಗೆ ನಡೆಯಲಿ. ಸಕಾಲದಲ್ಲಿ ಗುರುತಿಸಿದ ದೋಷಗಳಲ್ಲಿ ಅನೇಕವು ಇಂದು ಸರಿಪಡಿಸಬಹುದಾದವುಗಳೇ ಆಗಿವೆ.