59 ಗ್ರಾಮಿನ ಮೌಸು

ನಿಮ್ಮ ಮನೆಯಲ್ಲೂ ಕಂಪ್ಯೂಟರಿನ ಮುಂದೆ ಕೂತು ಆಡುವ ಮಗನೋ ಮೊಮ್ಮಗನೋ ಇದ್ದರೆ ಈ ಮಾತು ನಿಮಗೂ ಬೇಕಾದೀತು. ದಿಂಡಿಗಲ್ಲಿನಲ್ಲಿ ಓದುವ ನನ್ನ ಮಗಳ ಮಗ ಹೋದ ತಿಂಗಳು ಒಂದು ಮೌಸು ಹಿಡಿದು ಬಂದ. ಗೆಳೆಯ ಬಳಸಿದ್ದು, 1200 ರೂಪಾಯಿಗೆ ಕೊಡುತ್ತಾನಂತೆ. "ಮನೆಯಲ್ಲಿ ಒಂದು ಇದೆಯಲ್ಲ, ಆಟಕ್ಕೆ ಬೇರೆ ಯಾಕೆ?" ಎಂದು ಮಗಳು ಗದರಿದಳು. ತಾತ ನೋಡಿ ಹೇಳಲಿ ಎಂದು ಇಬ್ಬರೂ ಅದನ್ನು ನನ್ನ ಮುಂದೆ ತಂದಿಟ್ಟರು.

ಹೈಪರ್‌ಎಕ್ಸ್ ಪಲ್ಸ್‌ಫೈರ್ ಹೇಸ್ಟ್ ಎಂದು ಅದರ ಹೆಸರು. ಮೈಮೇಲೆ ಜೇನುಗೂಡಿನ ಹಾಗೆ ತೂತುಗಳು. ತಯಾರಕರು ಹೇಳುವ ತೂಕ 59 ಗ್ರಾಂ, ಅದೂ ತಂತಿ ಬಿಟ್ಟು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಹೇಳಿದ್ದನ್ನು ಹಾಗೇ ನಂಬುವ ಅಭ್ಯಾಸವಿಲ್ಲ. ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ ಮಾಡುವ ನೆಂಟರ ತಕ್ಕಡಿಯಲ್ಲಿಟ್ಟೆವು. ತಂತಿಯನ್ನು ಕೈಯಲ್ಲಿ ಎತ್ತಿ ಹಿಡಿದಾಗ ಅಂಕಿ 60ರ ಆಸುಪಾಸು ನಿಂತಿತು. ಮನೆಯ ಹಳೆಯದು 90 ದಾಟಿತು.

30 ಗ್ರಾಂ ಏನು ಮಹಾ ಎನ್ನುತ್ತೀರಾ? ದಿನಕ್ಕೆ ನೂರಾರು ಚಲನ್‌ಗಳಿಗೆ ಮುದ್ರೆ ಒತ್ತಿದ ಕೈ ನನ್ನದು. ಹಿತ್ತಾಳೆ ಮುದ್ರೆಗೂ ರಬ್ಬರು ಮುದ್ರೆಗೂ ಇರುವ ವ್ಯತ್ಯಾಸ ಸಂಜೆ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಗುರಿಯಿಟ್ಟು ಹೊಡೆಯುವ ಆಟದಲ್ಲಿ ಹುಡುಗರು ಮೌಸನ್ನು ಮೇಜಿನ ಈ ಕಡೆಯಿಂದ ಆ ಕಡೆಗೆ ಎಳೆದು, ಎತ್ತಿ, ಮತ್ತೆ ಮೊದಲಿನ ಜಾಗದಲ್ಲಿಡುತ್ತಾರೆ. ಎತ್ತುವವನಿಗಲ್ಲವೇ ಭಾರ!

ತೂಕಕ್ಕಿಂತ ನನಗೆ ಹಿಡಿಸಿದ್ದು ತಂತಿ. ಹಳೆಯದರ ತಂತಿ ಸುರುಳಿ ಬಿಡದೆ, ಗೂಟಕ್ಕೆ ಕಟ್ಟಿದ ಕರುವನ್ನು ಹಗ್ಗ ಜಗ್ಗಿದಂತೆ, ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಇದರದು ಬೂಟಿನ ಲೇಸಿನಂತೆ ಮೆತ್ತಗೆ ನೇಯ್ದದ್ದು. ತಂತಿ ಇರುವುದರಿಂದ ಬ್ಯಾಟರಿಯ ಭಾರವೂ ಇಲ್ಲ, ಚಾರ್ಜಿನ ಚಿಂತೆಯೂ ಇಲ್ಲ. ಅಡಿಯಲ್ಲಿ ಅಂಟಿಸಿರುವ ನುಣುಪು ಪಟ್ಟಿ ದೋಸೆ ಅಂಟದ ತವಾಕ್ಕೆ ಬಳಿಯುವ ವಸ್ತುವೇ.

16,000 ಡಿಪಿಐ ಎಂದು ಹುಡುಗ ಹೆಮ್ಮೆಪಟ್ಟ. ಅವನು ಆಡುವುದು 800ರಲ್ಲಿ! ಆ ಅಂಕಿಗೆ ದುಡ್ಡು ಕೊಡಬೇಡಿ. ಇದು ಕಂಪ್ಯೂಟರಿಗೆ ಸೆಕೆಂಡಿಗೆ 1000 ಸಲ ಸುದ್ದಿ ಮುಟ್ಟಿಸುತ್ತದೆ, ಸಾಮಾನ್ಯ ಮೌಸು 125 ಸಲ. ಆ ವ್ಯತ್ಯಾಸ ಅವನಿಗೆ ತಿಳಿಯುತ್ತದಂತೆ, ನನಗೆ ತಿಳಿಯಲಿಲ್ಲ.

ಆದರೆ ಆ ತೂತುಗಳು! ಆಡಿ ತಿಂಗಳಲ್ಲಿ ನಮ್ಮ ಕಂಬಂ ಕಣಿವೆಯ ಗಾಳಿ ನಿಮಗೆ ಗೊತ್ತೇ ಇದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಧೂಳು, ಕೂದಲು, ಬಿಸ್ಕತ್ತಿನ ಪುಡಿ. ಬ್ಯಾಂಕಿಗೆ ಮೊದಲು ಬಂದ ಮೌಸುಗಳ ಹೊಟ್ಟೆಯಲ್ಲಿ ಗುಂಡು ಇರುತ್ತಿತ್ತು. ವಾರಕ್ಕೊಮ್ಮೆ ಅದನ್ನು ತೆಗೆದು ಕೊಳೆ ಕೆರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಅದೇ ನೆನಪಾಯಿತು.

ಬಳಸಿದ್ದನ್ನು ಕೊಳ್ಳುವವರು ಇನ್ನೊಂದು ನೋಡಬೇಕು. ಗುಂಡಿ ಸವೆದರೆ ಒಂದು ಸಲ ಒತ್ತಿದ್ದು ಎರಡಾಗಿ ಹೋಗುತ್ತದೆ. ಒಂದು ಫೋಲ್ಡರಿನ ಮೇಲೆ ಬಿಡುವು ಕೊಟ್ಟು ಕೊಟ್ಟು ನೂರು ಸಲ ಒತ್ತಿದೆ. ಒಮ್ಮೆಯೂ ತಾನಾಗಿ ತೆರೆದುಕೊಳ್ಳಲಿಲ್ಲ.

ಧೂಳಿಗೆಂದು 200 ಕಳೆದು 1000 ರೂಪಾಯಿಗೆ ಮಾತು ಮುಗಿಸಿದೆ. ರಾತ್ರಿ ಒಂಬತ್ತರ ಮೇಲೆ ಆಟವಿಲ್ಲ ಎಂದು ಮಗಳ ಷರತ್ತು, ಆಟ ಮುಗಿದ ಮೇಲೆ ಮೌಸಿಗೆ ಕರವಸ್ತ್ರ ಹೊದಿಸಬೇಕೆಂದು ನನ್ನದು. ಈವರೆಗೆ ನನ್ನದೊಂದನ್ನು ಪಾಲಿಸುತ್ತಿದ್ದಾನೆ.